ಚಿತ್ರದಾಗ ಮಂದಿ ಇರಲಿ

ಗೋಕಾಕ ಜಲಪಾತದ ಮುಂದೆ ನಿಂತವರಿಗೆ ನೀರು ಬಿಟ್ಟು ಬೇರೇನೂ ಕಾಣುವುದಿಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿ ಬಯಲಿಗೆ ಇಳಿದ ಘಟಪ್ರಭೆ ಇಲ್ಲಿ ಕುದುರೆ ಲಾಳದ ಆಕಾರದ ಬಂಡೆಯಂಚಿನಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ಮಳೆಗಾಲದಲ್ಲಿ ಆ ನೀರಿಗೆ ಮಣ್ಣಿನ ಕೆಂಪು. ಎದ್ದ ತುಂತುರು ದಂಡೆಯ ಮೇಲಿದ್ದವರ ಕನ್ನಡಕವನ್ನೂ ಕ್ಯಾಮೆರಾದ ಲೆನ್ಸನ್ನೂ ಒಟ್ಟಿಗೇ ತೋಯಿಸುತ್ತದೆ. ಎಲ್ಲರ ಫೋನೂ ಅತ್ತಲೇ ತಿರುಗಿರುತ್ತದೆ. ಆದರೆ ಹಳೆಯ ಕಟ್ಟಡಗಳನ್ನು ಹುಡುಕಿಕೊಂಡು ತಿರುಗುವವರಿಗೆ ಇದೇ ಜಾಗ ಬೇರೆ ಕಾರಣಕ್ಕೂ ದೊಡ್ಡದು. ನದಿಯ ಎರಡೂ ದಂಡೆಗಳಲ್ಲಿ ಚಾಲುಕ್ಯ ಶೈಲಿಯ ಗುಡಿಗಳಿವೆ. ಹತ್ತಿರದಲ್ಲೇ ಹತ್ತೊಂಬತ್ತನೇ ಶತಮಾನದ ನೂಲಿನ ಗಿರಣಿ ಇದೆ. ನದಿಗೆ ಅಡ್ಡಲಾಗಿ ತೂಗುಸೇತುವೆ ಇದೆ. ಊರೊಳಗೆ ಹೊಕ್ಕು ಕೊಣ್ಣೂರಿನ ಕಡೆ ನಡೆದರೆ ಜನ ‘ಪಾಂಡವರ ಮನೆ’ ಎಂದು ಕರೆಯುವ ಕಲ್ಲುಗೋರಿಗಳು ಸಿಗುತ್ತವೆ. ಅವು ಇತಿಹಾಸಕ್ಕಿಂತ ಹಿಂದಿನವು. ಇಷ್ಟು ಚಿಕ್ಕ ಸುತ್ತಿನಲ್ಲಿ ಇಷ್ಟು ಕಾಲದ ಕಟ್ಟುವಿಕೆ ನೋಡಸಿಗುವ ಜಾಗಗಳು ನಮ್ಮ ಸೀಮೆಯಲ್ಲಿ ಬಹಳ ಇಲ್ಲ.

ಜಲಪಾತದ ಬಳಿಯ ಮಹಾಲಿಂಗೇಶ್ವರ ಗುಡಿಯ ಕಲ್ಲಿಗೆ ಬೆಳಗಿನ ಓರೆ ಬಿಸಿಲು ಬೇಕು. ಸೂರ್ಯ ನೆತ್ತಿಗೆ ಬಂದ ಮೇಲೆ ಕೆತ್ತನೆಯ ಆಳವೆಲ್ಲ ಚಪ್ಪಟೆಯಾಗಿಬಿಡುತ್ತದೆ. ಬಿಸಿಲು ಪಕ್ಕದಿಂದ ಬೀಳುವಾಗ ಮಾತ್ರ ಕಂಬದ ಒಂದೊಂದು ಬಳೆಗೂ ಅದರದೇ ನೆರಳು ಸಿಗುತ್ತದೆ. ಹಾಗಾಗಿ ಬೆಳಗ್ಗೆಯೇ ಅಲ್ಲಿದ್ದೆ. ನನಗಿಂತ ಮುಂಚೆ ಬಂದಿದ್ದ ಒಬ್ಬ ಹುಡುಗ, ಮದುವೆ ಗೊತ್ತಾಗಿದ್ದ ಜೋಡಿಯೊಂದನ್ನು ಗುಡಿಯ ಗೋಡೆಗೆ ಒರಗಿಸಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ಅದೇ ಹೊತ್ತಿಗೆ ವಯಸ್ಸಾದ ಹೆಣ್ಣುಮಗಳೊಬ್ಬಳು ತಂಬಿಗೆ ಹಿಡಿದು ಬಂದಳು.

“ಯವ್ವಾ, ಒಂದೀಟು ಆ ಕಡೆ ಸರೀರಿ. ಫ್ರೇಮಿನ್ಯಾಗ ಬರಾಕತ್ತೀರಿ.”

“ನಾ ಯಾಕ ಸರೀಲೋ ತಮ್ಮಾ? ಗುಡಿಗೆ ಬಂದಾಕಿ ನಾನು. ಫೋಟೋಕ್ಕ ಬಂದಾಂವ ನೀನು.”

ಸಿಟ್ಟಿನಿಂದ ಆಡಿದ ಮಾತಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಆಕೆ ಒಳಗೆ ಹೋದಳು. ಹುಡುಗನೂ ನಕ್ಕು ದಾರಿ ಬಿಟ್ಟ. ಮುಂದೆ ಮೂಡಲಗಿ, ಹುಕ್ಕೇರಿಗಳವರೆಗಿನ ತಿರುಗಾಟದ ಉದ್ದಕ್ಕೂ ಆ ಮಾತು ನನ್ನ ಜೊತೆಗೇ ಬಂತು. ಹಳೆಯ ಕಟ್ಟಡದ ಚಿತ್ರ ತೆಗೆಯುವಾಗ ನಾವು ಜನರನ್ನು ಯಾಕೆ ಸರಿಸುತ್ತೇವೆ? ಗುಡಿಯ ಅಂಗಳ, ಗುಮ್ಮಟದ ಕಮಾನು, ಅಗಸಿ ಬಾಗಿಲು ಎಲ್ಲವೂ ಖಾಲಿ ಸಿಗಲಿ ಎಂದು ಯಾಕೆ ಕಾಯುತ್ತೇವೆ? ಈಗಂತೂ ಕಾಯಬೇಕಾದ್ದೂ ಇಲ್ಲ. ಚಿತ್ರದಲ್ಲಿದ್ದ ಮನುಷ್ಯನ ಮೇಲೆ ಬೆರಳಾಡಿಸಿದರೆ ಫೋನೇ ಅವನನ್ನು ಅಳಿಸಿ, ಆ ಜಾಗಕ್ಕೆ ಇಲ್ಲದ ಕಲ್ಲನ್ನು ಜೋಡಿಸಿ ಕೊಡುತ್ತದೆ.

ಈ ಅಭ್ಯಾಸದ ಬೇರು ಹುಡುಕುತ್ತ ಹೋದರೆ ದಾರಿ ನಮ್ಮ ನೆರೆಯ ವಿಜಯಪುರ, ಬಾದಾಮಿ, ಐಹೊಳೆಗಳಿಗೇ ಮುಟ್ಟುತ್ತದೆ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಾಂಬೆ ಪ್ರಾಂತದ ಹಳೆಯ ಕಟ್ಟಡಗಳ ಛಾಯಾಚಿತ್ರ ತೆಗೆಯಲು ಸೈನ್ಯದ ಅಧಿಕಾರಿ ಥಾಮಸ್ ಬಿಗ್ಸ್ ಎಂಬವರನ್ನು ನೇಮಿಸಿತು. ಫ್ರಾನ್ಸ್ ಸರ್ಕಾರ ತನ್ನ ಹಳೆಯ ಚರ್ಚು, ಕೋಟೆಗಳನ್ನು ದಾಖಲಿಸಲು ಐವರು ಛಾಯಾಗ್ರಾಹಕರನ್ನು ಊರೂರಿಗೆ ಕಳಿಸಿದ್ದು 1851ರಲ್ಲಿ. ಅದಾದ ನಾಲ್ಕೇ ವರ್ಷಕ್ಕೆ ನಮ್ಮ ಕಡೆಯ ಕಲ್ಲುಗಳೂ ಕ್ಯಾಮೆರಾದ ಮುಂದೆ ಬಂದವು. ಬಿಗ್ಸ್ ಸೈನ್ಯಕ್ಕೆ ಹಿಂತಿರುಗಿದ ಮೇಲೆ ವೈದ್ಯರಾಗಿದ್ದ ವಿಲಿಯಂ ಹೆನ್ರಿ ಪಿಗೌ ಆ ಕೆಲಸ ಮುಂದುವರಿಸಿದರು. ಇವರಿಬ್ಬರ ಚಿತ್ರಗಳು 1866ರಲ್ಲಿ ವಿಜಯಪುರ, ಧಾರವಾಡ ಮತ್ತು ಮೈಸೂರಿನ ವಾಸ್ತುವನ್ನು ಕುರಿತ ದೊಡ್ಡ ಪುಸ್ತಕಗಳಾಗಿ ಬಂದವು. ಸುರಪುರದ ಜೊತೆ ಹೆಸರು ಬೆಸೆದುಕೊಂಡಿರುವ ಮೆಡೋಸ್ ಟೇಲರ್ ಅವುಗಳಿಗೆ ಬರಹ ಬರೆದುಕೊಟ್ಟರು. ಮುಂದೆ 1874ರ ಜನವರಿಯಿಂದ ಮೇ ತಿಂಗಳವರೆಗೆ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳಲ್ಲಿ ಸುತ್ತಾಡಿ ಅಲ್ಲಿನ ಪ್ರಾಚೀನ ಕಟ್ಟಡಗಳ ವರದಿಯನ್ನು ಚಿತ್ರಗಳ ಸಮೇತ ಪ್ರಕಟಿಸಿದರು.

ಆ ಕಾಲದ ಕ್ಯಾಮೆರಾಕ್ಕೆ ಬೆಳಕು ಕುಡಿಯಲು ಬಹಳ ಹೊತ್ತು ಬೇಕಿತ್ತು. ಕಲ್ಲು ಅಲುಗದೆ ನಿಂತಿತು, ಅಚ್ಚಾಯಿತು. ಎದುರಿಗೆ ಹಾದುಹೋದ ಹೆಂಗಸು, ಆಡಿದ ಹುಡುಗ, ಕಟ್ಟಿದ ಎಮ್ಮೆ ಮಸುಕಾದರು, ಇಲ್ಲವೇ ಗುರುತೇ ಇಲ್ಲದೆ ಹೋದರು. ಚಿತ್ರಕ್ಕೆಂದೇ ಹೇಳಿ ನಿಲ್ಲಿಸಿದವರು ಮಾತ್ರ ಉಳಿದರು. ನಮ್ಮ ಗುಡಿ-ಗುಮ್ಮಟಗಳು ಜಗತ್ತಿಗೆ ಮೊದಲು ಕಂಡದ್ದು ಹೀಗೆ, ಯಾರೂ ಬಾಳದ ಕಟ್ಟಡಗಳಾಗಿ. ತಂತ್ರದ ಒಂದು ಮಿತಿಯನ್ನೇ ಮುಂದಿನವರು ಚೆಲುವಿನ ನಿಯಮ ಮಾಡಿಕೊಂಡರು.

ಆದರೆ ಅವೇ ಹಳೆಯ ಚಿತ್ರಗಳನ್ನು ಇಂದು ಬೆಲೆಯುಳ್ಳವನ್ನಾಗಿ ಮಾಡಿರುವುದು ಬೇರೆ ಸಂಗತಿ. ಐಹೊಳೆಯ ದುರ್ಗ ಗುಡಿಯ ಆಗಿನ ಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಕಾವಲಿಗಾಗಿ ಒರಟು ಕಲ್ಲು ಪೇರಿಸಿ ಕಟ್ಟಿದ ಗೋಡೆ ಕಾಣುತ್ತದೆ. ಗುಡಿ ಕೋಟೆಯ ಭಾಗವಾಗಿದ್ದ ಕಾಲದ ಗುರುತು ಅದು. ಈಗ ಅದು ಅಲ್ಲಿಲ್ಲ. ಅದೇ ಊರಿನ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಒಳಗೆ ಸಂಸಾರ ಹೂಡಿದ್ದ ಮನುಷ್ಯನಿಂದ. ಶಿಲ್ಪದ ಚೆಲುವನ್ನು ನಾವು ಇಂದಿಗೂ ಹೋಗಿ ನೋಡಬಹುದು. ಅದನ್ನು ಜನ ಬಳಸಿದ ಬಗೆ ಮಾತ್ರ ಹಳೆಯ ಚಿತ್ರದ ಅಂಚಿನಲ್ಲಿ ಅಕಸ್ಮಾತ್ ಉಳಿದಿದೆ. ಅಕಸ್ಮಾತ್ ಉಳಿದದ್ದೇ ಇಷ್ಟು ಹೇಳುವುದಾದರೆ ಬೇಕೆಂದೇ ಉಳಿಸಿದರೆ ಎಷ್ಟು ಹೇಳೀತು!

ಗೋಕಾಕದ ಗಿರಣಿಯ ಮುಂದೆ ಈ ವಿಚಾರ ಇನ್ನಷ್ಟು ಗಟ್ಟಿಯಾಯಿತು. ಫೋರ್ಬ್ಸ್ ಕಂಪನಿಯವರು 1885ರ ಹೊತ್ತಿಗೆ ಘಟಪ್ರಭೆಯ ಇಳಿತವನ್ನೇ ಶಕ್ತಿಯಾಗಿ ಬಳಸುವ ಲೆಕ್ಕ ಹಾಕಿ ಇಲ್ಲಿ ನೂಲಿನ ಗಿರಣಿ ಹೂಡಿದರು. 1887ರಲ್ಲಿ ನೀರಿನ ಬಲದಿಂದ ಯಂತ್ರಗಳು ತಿರುಗಿದವು. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು 1902ರಲ್ಲಿ. ಅದಕ್ಕೂ ಹದಿನೈದು ವರ್ಷ ಮೊದಲೇ ಕನ್ನಡ ನಾಡಿನ ಒಂದು ಜಲಪಾತ ಕೈಗಾರಿಕೆಗೆ ಹೆಗಲು ಕೊಟ್ಟಿತ್ತು. ಮೇಲೆ ಗಿರಣಿ, ಬಂಡೆಯ ಬುಡದಲ್ಲಿ ಶಕ್ತಿ ಉತ್ಪಾದನೆಯ ಮನೆ, ಅಲ್ಲಿಗೆ ಇಳಿಯಲು ರೋಪ್‌ವೇ. ನದಿಯ ಮೇಲಿನ ತೂಗುಸೇತುವೆ ಸುಮಾರು 201 ಮೀಟರ್ ಉದ್ದ, ಬಂಡೆಯ ಹಾಸಿನಿಂದ ಸುಮಾರು 14 ಮೀಟರ್ ಎತ್ತರ. ಜಲಪಾತದ ಚಿತ್ರದಲ್ಲಿ ಈ ಸೇತುವೆ ಹಿಂದೆ ಒಂದು ತೆಳು ಗೆರೆಯಾಗಿ ಕಾಣುತ್ತದೆ. ಅದರ ನಿಜವಾದ ಅಳತೆ ಅರಿವಾಗುವುದು ಪಕ್ಕದಿಂದ ನೋಡಿದಾಗ, ಅದರ ಬಳಿ ಮನುಷ್ಯನ ಆಕೃತಿ ಇದ್ದಾಗ. ಮನುಷ್ಯನಿಲ್ಲದ ಚಿತ್ರದಲ್ಲಿ ಅದು ಹಳ್ಳಕ್ಕೆ ಹಾಕಿದ ಕಾಲುದಾರಿಯೋ ಹೊಳೆಗೆ ಕಟ್ಟಿದ ಸೇತುವೆಯೋ ತಿಳಿಯುವುದೇ ಇಲ್ಲ.

ಗಿರಣಿ ಖಾಸಗಿ ಆಸ್ತಿ. ಒಳಗೆ ಚಿತ್ರ ತೆಗೆಯಲು ಅನುಮತಿ ಬೇಕು. ರಸ್ತೆಯಿಂದ ಕಾಣುವಷ್ಟನ್ನು ತೆಗೆದರೂ ಹೇಳಲು ಬಹಳವಿದೆ. ಇಂಥ ಉದ್ದನೆಯ ಗೋಡೆಗೆ ಹತ್ತಿರ ನಿಂತು ಫೋನನ್ನು ಮೇಲಕ್ಕೆ ಓರೆ ಮಾಡಿದರೆ ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಲಂಬ ಗೆರೆಗಳೆಲ್ಲ ಮೇಲೆ ಕೂಡಿಕೊಳ್ಳುತ್ತವೆ. ಹಿಂದೆ ಸರಿದು, ಕ್ಯಾಮೆರಾವನ್ನು ನೆಟ್ಟಗೆ ಹಿಡಿದು, ಕೆಳಗೆ ನೆಲ ಹೆಚ್ಚು ಬಂದರೂ ಬರಲಿ ಎಂದು ಬಿಟ್ಟರೆ ಗೋಡೆ ನೆಟ್ಟಗೆ ನಿಲ್ಲುತ್ತದೆ. ಹಾಗೆ ಬಂದ ನೆಲದಲ್ಲೇ ಅಲ್ಲವೇ ಬದುಕು ಇರುವುದು? ಪಾಳಿ ಬಿಟ್ಟು ಹೊರಬರುವವರ ಸೈಕಲ್ಲು, ಚಹಾದಂಗಡಿಯ ಬೆಂಚು, ಗೇಟಿನ ಎದುರು ಕಾಯುವ ರಿಕ್ಷಾ. ಗಿರಣಿಯ ಭೋಂಗಾ ಹೊತ್ತು ಹೇಳಿದ ಊರಿನಲ್ಲಿ ಗಿರಣಿಯ ಗೋಡೆಯೊಂದನ್ನೇ ತೆಗೆದರೆ ಆ ಚಿತ್ರಕ್ಕೆ ಅರ್ಥವೇನು? ಚಾಳಿನ ಸಾಲುಮನೆಗಳೂ ಬೇಕು, ಆ ಮನೆಗಳ ಮುಂದಿನ ತುಳಸಿಕಟ್ಟೆಯೂ ಬೇಕು.

ಗೋಕಾಕದಿಂದ ಬಡಗಣಕ್ಕೆ ಹೊರಟರೆ ಎರಡೂ ಕಡೆ ಕಬ್ಬು, ಗೋವಿನಜೋಳ, ಕಾಲುವೆಯ ನೀರು. ದಾರಿಯಲ್ಲಿ ಕಲ್ಲೋಳಿ ಸಿಗುತ್ತದೆ. ಹನುಮಪ್ಪನ ಗುಡಿಯಿಂದ ಈ ಊರು ಸುತ್ತಲ ಸೀಮೆಗೆಲ್ಲ ಗೊತ್ತು. ಇತಿಹಾಸ ಓದುವವರಿಗೆ ಗೊತ್ತಿರುವುದು ಇಲ್ಲಿನ ಶಾಸನದಿಂದ. ಸವದತ್ತಿಯಿಂದಲೂ ಬಳಿಕ ಬೆಳಗಾವಿಯಿಂದಲೂ ಆಳಿದ ರಟ್ಟರಲ್ಲಿ ನಾಲ್ಕನೇ ಕಾರ್ತವೀರ್ಯನ ಕಾಲದ್ದು, 1204ರ ಸುಮಾರಿನದು. ಶಾಂತಿನಾಥ ತೀರ್ಥಂಕರನಿಗೆ ಇಲ್ಲಿ ಬಸದಿ ಕಟ್ಟಿಸಿ ಭೂಮಿ ಬಿಟ್ಟ ವಿಷಯ ಅದರಲ್ಲಿದೆ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು ಅದೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದೂ 1204ರಲ್ಲೇ. ಕಮಲ ಬಸದಿ ಫಲಕ, ಬೇಲಿ, ಹುಲ್ಲುಹಾಸಿನ ಕಾವಲಿನಲ್ಲಿ ಉಳಿಯಿತು. ಕಲ್ಲೋಳಿಯ ಬಸದಿ ಮುಂದೆ ಲಿಂಗದ ಗುಡಿಯಾಗಿ ಊರಿನ ಜೊತೆ ಬಾಳಿತು.

ಒಂದೇ ಕಾಲದ ಈ ಎರಡು ಕಟ್ಟಡಗಳಲ್ಲಿ ಯಾವುದರ ಚಿತ್ರ ತೆಗೆಯುವುದು ಕಷ್ಟ? ಕಮಲ ಬಸದಿ ಯಾವ ಕಡೆಯಿಂದ ನೋಡಿದರೂ ತನ್ನ ಚೆಲುವನ್ನು ಒಪ್ಪಿಸಿಬಿಡುತ್ತದೆ. ಊರ ನಡುವಿನ ಗುಡಿ ಹಾಗಲ್ಲ. ಸುಣ್ಣ, ಎಣ್ಣೆಬಣ್ಣ, ಟೈಲ್ಸು, ತಗಡಿನ ಚಪ್ಪರ, ಟ್ಯೂಬ್‌ಲೈಟು, ದಾನಿಗಳ ಹೆಸರು ಕೊರೆದ ಅಮೃತಶಿಲೆಯ ಹಲಗೆ ಎಲ್ಲವೂ ಹಳೆಯ ಕಲ್ಲನ್ನು ಮುಚ್ಚಿಕೊಂಡಿರುತ್ತವೆ. ಕಲೆಯನ್ನು ಪ್ರೀತಿಸುವವರಿಗೆ ಎಣ್ಣೆಬಣ್ಣ ನೋವು ಕೊಡುತ್ತದೆ. ಆ ನೋವು ನನಗೂ ಇದೆ. ಬಣ್ಣ ಕಲ್ಲಿನ ಉಸಿರು ಕಟ್ಟುತ್ತದೆ, ಒಳಗಿನ ತೇವ ಹೊರಬರದೆ ಮೈ ಪದರು ಪದರಾಗಿ ಏಳುತ್ತದೆ. ಇದನ್ನು ಊರವರಿಗೆ ಕೂತು ಹೇಳಬೇಕು, ಹೇಳಿದರೆ ಕೇಳುತ್ತಾರೆ. ಆದರೆ ಚಿತ್ರದಿಂದ ಆ ಬಣ್ಣವನ್ನು ಕತ್ತರಿಸಿ ಹಾಕುವ ಹಕ್ಕು ನಮಗಿಲ್ಲ. ರಟ್ಟರ ಕಾಲದ ಕಂಬ ಇಲ್ಲಿಯವರೆಗೆ ನಿಂತದ್ದಕ್ಕೆ ಒಂದು ಕಾರಣ, ಯಾರೋ ಪ್ರತಿದಿನ ಅದರ ಬುಡ ಗುಡಿಸಿದ್ದಾರೆ, ಸೋರಿದಾಗ ಮೇಲೆ ಮಣ್ಣು ಹಾಕಿದ್ದಾರೆ. ಹಾಗೆ ಕಾಯ್ದವರ ಕೈಗುರುತೇ ಆ ಬಣ್ಣ, ಆ ತಗಡು. ಕೆತ್ತನೆಯ ಒಂದು ಚಿತ್ರ ತೆಗೆದರೆ, ಅದರ ಮೇಲಿನ ಚಪ್ಪರವೂ ಕಾಣುವ ಇನ್ನೊಂದು ಚಿತ್ರ ಜೊತೆಗಿರಬೇಕು. ಒಂದಿಲ್ಲದೆ ಇನ್ನೊಂದು ಅರ್ಧ ಸತ್ಯ.

ಗರ್ಭಗುಡಿಯ ಮಾತು ಬೇರೆ. ಕೇಂದ್ರದ ಪುರಾತತ್ತ್ವ ಇಲಾಖೆ 2018ರಲ್ಲಿ ಅಜಂತಾ, ತಾಜಮಹಲಿನ ಒಳಗೋರಿಯಂಥ ಕೆಲವನ್ನು ಬಿಟ್ಟು ತನ್ನ ಕಾವಲಿನ ಸ್ಮಾರಕಗಳಲ್ಲಿ ಫೋಟೋಕ್ಕೆ ಇದ್ದ ಅಡ್ಡಿ ತೆಗೆಯಿತು. ಟ್ರೈಪಾಡ್‌ಗೆ ಮಾತ್ರ ಅನುಮತಿ ಬೇಕು. ಪೂಜೆ ನಡೆಯುವ ಊರ ಗುಡಿಯಲ್ಲಿ ಆ ಆದೇಶದ ಮಾತೇ ಬರುವುದಿಲ್ಲ. ಅಲ್ಲಿ ಪೂಜಾರಿಯ ಮಾತೇ ಕೊನೆ. “ಒಳಗ ಬ್ಯಾಡ್ರೀ” ಎಂದರೆ ಬೇಡ. ಕೇಳಿ ತೆಗೆದ ಒಂದು ಚಿತ್ರ ಕದ್ದು ತೆಗೆದ ನೂರಕ್ಕಿಂತ ದೊಡ್ಡದು. ಕೇಳಿದವನಿಗೆ ಪೂಜಾರಿ ಗುಡಿಯ ಕಥೆಯನ್ನೂ ಹೇಳುತ್ತಾನೆ.

2018ರಲ್ಲಿ ಗೋಕಾಕದಿಂದ ಬೇರೆಯಾಗಿ ಮೂಡಲಗಿ ತಾಲೂಕಾಯಿತು. ಶಿವಬೋಧರಂಗನ ಮಠ, ದನದ ಸಂತೆ ಇವುಗಳಿಂದ ಹೆಸರಾದ ಊರು. ಇಲ್ಲಿ ದೊಡ್ಡ ಕೋಟೆಯಿಲ್ಲ, ಪ್ರವಾಸಿ ನಕಾಶೆಯಲ್ಲಿ ಬಣ್ಣದ ಚುಕ್ಕೆಯಿಲ್ಲ. ಆದರೆ ಈ ಸೀಮೆಯ ನಿಜವಾದ ವಾಸ್ತು ನೋಡಬೇಕೆಂದರೆ ಮೂಡಲಗಿಯ ಸುತ್ತಲಿನ ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಗಳನ್ನೇ ನೋಡಬೇಕು. ದಪ್ಪ ಗ್ವಾಡಿ, ಅದರೊಳಗೆ ದೀಪ ಇಡುವ ಮಾಡ, ತಲೆಬಾಗಿ ದಾಟಬೇಕಾದ ತಲೆಬಾಗಿಲು, ಒಳಗೆ ದನ ಕಟ್ಟುವ ಅಂಕಣ, ಒಂದು ಮೆಟ್ಟಿಲು ಎತ್ತರಕ್ಕೆ ಪಡಸಾಲೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಎಲ್ಲದರ ಮೇಲೆ ಮಣ್ಣು. ನೆತ್ತಿಯಲ್ಲೊಂದು ಬೆಳಕಿಂಡಿ. ಬೇಸಿಗೆಯ ನಡುಹಗಲಲ್ಲಿ ಹೊರಗೆ ಕಣ್ಣು ಬಿಡಲಾಗದಾಗ ಈ ಮನೆಯೊಳಗೆ ತಂಪು, ಮತ್ತು ಬೆಳಕಿಂಡಿಯಿಂದ ಇಳಿದ ಒಂದೇ ಕೋಲು ಬಿಸಿಲು. ಹೊತ್ತು ಸರಿದಂತೆ ಅದು ಪಡಸಾಲೆಯ ಮೇಲೆ ಸರಿಯುತ್ತದೆ. ಯಾವ ಅರಮನೆಯ ಒಳಾಂಗಣಕ್ಕೂ ಕಡಿಮೆಯಿಲ್ಲದ ಬೆಳಕು ಅದು. ಇದನ್ನು ಕಟ್ಟಿದ ಬಡಿಗ, ಉಪ್ಪಾರರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಹೀಗೆ ಒಂದು ಮನೆಯ ಮುಂದೆ ನಿಂತು ಕದದ ಚಿತ್ರ ತೆಗೆಯುತ್ತಿದ್ದಾಗ ಒಳಗಿನಿಂದ ಮನೆಯಾಕೆ ಬಂದರು.

“ಏನ್ ತಗ್ಯಾಕತ್ತೀರಿ ಅಣ್ಣಾರ?”

“ಬಾಗಿಲ ಕೆತ್ತಿದ್ದು ಭಾಳ ಚಲೋ ಐತಿ ಅಕ್ಕಾರ. ತಗೀಬಹುದೇನ್ರಿ?”

“ಬಾಗಿಲದ್ದು ಯಾಕ, ಒಳಗ ಬರ್ರಿ. ಈ ತೊಲಿ ನೋಡ್ರಿ, ನಮ್ಮ ಮಾವಾರು ಹಾಕಿಸಿದ್ದು. ಬರೂ ಬ್ಯಾಸಿಗಿಗೆ ಎಲ್ಲಾ ಕೆಡವಿ ಸ್ಲ್ಯಾಬ್ ಹಾಕಸ್ತೇವಿ. ಅದಕ್ಕ ಚಲೋತ್ನಾಗ ತಗದು ನಮಗೊಂದು ಕಾಪಿ ಕೊಡ್ರಿ.”

ಅವರ ದನಿಯಲ್ಲಿ ಅಳುಕಿರಲಿಲ್ಲ. ಅಳುಕಬೇಕಾದ್ದೂ ಇಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಲು ಆಳು ಸಿಗುವುದಿಲ್ಲ. ಇಲಿ ಬಿಲ ಕೊರೆದರೆ ಸೋರುತ್ತದೆ. ಮಕ್ಕಳು ದೊಡ್ಡವರಾದರು, ಮೇಲೆ ಇನ್ನೊಂದು ಮನೆ ಬೇಕು. ಹೊರಗಿನಿಂದ ಬಂದ ನಾವು ‘ಕೆಡವಬೇಡಿ’ ಎಂದು ಹೇಳಿ ಊಟ ಮಾಡಿ ಹೊರಟುಹೋಗುವುದು ಸುಲಭ. ಆ ಮನೆಯಲ್ಲಿ ಇರುವವರು ಅವರು. ನಮ್ಮ ಕೈಲಾಗುವುದು ಇಷ್ಟೇ: ಮನೆಯನ್ನು ಸಾಂಗವಾಗಿ ದಾಖಲಿಸುವುದು. ಬೀದಿಯಿಂದ ಒಂದು, ತಲೆಬಾಗಿಲಿನಿಂದ ಒಳಕ್ಕೆ ಒಂದು, ಪಡಸಾಲೆಯ ನಾಲ್ಕೂ ಮೂಲೆಯಿಂದ ಒಂದೊಂದು, ಕಂಬ-ಬೋದಿಗೆ-ತೊಲೆ ಕೂಡುವ ಸಂದು, ಬೆಳಕಿಂಡಿ, ಮಾಡ, ಒಲೆ. ಫ್ಲ್ಯಾಶ್ ಬೇಡ. ಅದು ಮಾಳಿಗೆ ಮನೆಯ ಕತ್ತಲೆಯನ್ನು ಕೊಲ್ಲುತ್ತದೆ, ಕತ್ತಲೆಯೂ ಆ ವಾಸ್ತುವಿನ ಭಾಗವೇ. ಕಂಬಕ್ಕೊರಗಿ ಕೂತ ಅಜ್ಜಿ ಕೂತೇ ಇರಲಿ. ಕಂಬ ಎಷ್ಟು ದಪ್ಪ, ಪಡಸಾಲೆ ಎಷ್ಟು ಎತ್ತರ ಎಂದು ಅಳತೆಪಟ್ಟಿಗಿಂತ ಚೆನ್ನಾಗಿ ಆಕೆ ಹೇಳುತ್ತಾಳೆ. ಆ ಪಡಸಾಲೆ ಏತಕ್ಕಿತ್ತು ಎಂಬುದನ್ನೂ ಹೇಳುತ್ತಾಳೆ.

ಈ ಕೆಲಸದಲ್ಲಿ ತಡ ಮಾಡುವಂತಿಲ್ಲ ಎನ್ನುವುದನ್ನು 2019ರ ಆಗಸ್ಟ್ ಕಲಿಸಿದೆ. ಆ ಮಳೆಯಲ್ಲಿ ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿಗಳು ಒಟ್ಟಿಗೇ ತುಂಬಿ ಬಂದವು. ಗೋಕಾಕದ ಕೆಳಗಿನ ಓಣಿಗಳು ಮುಳುಗಿದವು, ಲೋಳಸೂರ ಸೇತುವೆ ನೀರಿನಡಿ ಹೋಯಿತು. ಮಣ್ಣಿನ ಗೋಡೆಗೆ ನೀರು ನಿಂತರೆ ಉಳಿಗಾಲವಿಲ್ಲ. ನದಿ ದಂಡೆಯ ಊರುಗಳಲ್ಲಿ ಹಳೆಯ ಮನೆಗಳು ಕುಸಿದು, ಇದ್ದ ಜಾಗದಲ್ಲಿ ಮಣ್ಣಿನ ಗುಡ್ಡೆಗಳು ಉಳಿದವು. ಅವುಗಳಲ್ಲಿ ಎಷ್ಟರ ಒಳಾಂಗಣದ ಒಂದಾದರೂ ಚಿತ್ರ ಇದ್ದೀತು? ಮದುವೆಯ ಆಲ್ಬಮ್ಮಿನಲ್ಲಿ ಮದುಮಕ್ಕಳ ಹಿಂದೆ ಕಾಣುವ ತೊಲೆಯ ತುದಿ, ತೊಟ್ಟಿಲ ಶಾಸ್ತ್ರದ ಫೋಟೋದಲ್ಲಿ ಬಂದ ಮಾಡ, ಇಷ್ಟೇ ಆಧಾರ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ವಾರ್ಸಾ ನಗರದ ಹಳೆಯ ಪೇಟೆ ನೆಲಸಮವಾದಾಗ ಅದನ್ನು ಮತ್ತೆ ಕಟ್ಟಲು ನೆರವಾದವುಗಳಲ್ಲಿ, ಹದಿನೆಂಟನೇ ಶತಮಾನದ ಚಿತ್ರಕಾರ ಬೆರ್ನಾರ್ಡೊ ಬೆಲ್ಲೊಟ್ಟೊ ಬಿಡಿಸಿದ್ದ ಬೀದಿಯ ಚಿತ್ರಗಳೂ ಇದ್ದವು. ಆ ಚಿತ್ರಗಳಲ್ಲಿ ಮನೆಗಳಷ್ಟೇ ಇಲ್ಲ, ಬೀದಿ ತುಂಬ ಜನ, ಗಾಡಿ, ಕುದುರೆ, ವ್ಯಾಪಾರ ಇದೆ. ಮತ್ತೆ ಕಟ್ಟಿದವರಿಗೆ ಗೋಡೆಯ ಜೊತೆ ಆ ಬೀದಿಯ ನೆನಪೂ ಸಿಕ್ಕಿತು.

ಜನರಿಲ್ಲದ ಚಿತ್ರವೇ ಸರಿಯಾದ ಚಿತ್ರವಾಗುವ ಒಂದು ಜಾಗ ಈ ತಾಲೂಕುಗಳಲ್ಲಿದೆ. ಅದು ಹಿಡಕಲ್ ಜಲಾಶಯದೊಳಗಿನ ಹುನ್ನೂರ ವಿಠ್ಠಲನ ಗುಡಿ. ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭೆಗೆ ಕಟ್ಟಿದ ಈ ಅಣೆಕಟ್ಟಿಗೆ ರಾಜಾ ಲಖಮಗೌಡರ ಹೆಸರಿದೆ. ಸುಮಾರು 51 ಟಿಎಂಸಿ ನೀರು ನಿಲ್ಲುತ್ತದೆ. 1977ರ ಹೊತ್ತಿಗೆ ಕೆಲಸ ಮುಗಿಯಿತು. ನಾನು ದಾಟಿ ಬಂದ ಕಬ್ಬಿನ ಹಸಿರಿಗೆಲ್ಲ ಮೂಲ ಇದೇ ನೀರು. ಅದಕ್ಕಾಗಿ ಊರುಗಳು ಎದ್ದು ಹೋದವು. ವಿಠ್ಠಲನ ಗುಡಿ ಮಾತ್ರ ಇದ್ದಲ್ಲೇ ನಿಂತಿತು. ಜಲಾಶಯ ತುಂಬಿದಾಗ ಅದು ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೊದಲು ತುದಿ, ಆಮೇಲೆ ಗೋಡೆ, ಕೊನೆಗೆ ಕಟ್ಟೆ ಕಾಣುತ್ತದೆ. ಆಗ ಸುತ್ತಲಿನವರು ನೋಡಲು ಬರುತ್ತಾರೆ, ಕೈಮುಗಿಯುತ್ತಾರೆ. ಮಳೆ ಹಿಡಿದರೆ ಮತ್ತೆ ನೀರಿನ ಪಾಲು.

ನಾನು ಹೋದಾಗ ನೀರು ಏರುತ್ತಿತ್ತು. ಗುಡಿಯ ಮೇಲ್ಭಾಗವಷ್ಟೇ ಹೊರಗಿತ್ತು. ನುಣುಪಾದ ನೀರಿನ ನಡುವೆ ಕಲ್ಲಿನ ಕಟ್ಟಡ ಎಷ್ಟು ಚೆಲುವಾಗಿ ಕಾಣುತ್ತದೆಂದರೆ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಮೇಲೇಳುತ್ತದೆ. ಇಲ್ಲೇ ಎಚ್ಚರ ಬೇಕು. ಈ ಚೆಲುವು ಯಾರದೋ ಊರಿನ ಬೆಲೆ ತೆತ್ತು ಬಂದದ್ದು. ಬರಿದೇ ನೀರು, ಗುಡಿ, ಆಕಾಶ ಇರುವ ಚಿತ್ರಕ್ಕೆ ‘ಹಿಡಕಲ್‌ನ ಸುಂದರ ನೋಟ’ ಎಂದು ಹೆಸರಿಟ್ಟರೆ ಆ ಊರು ಎರಡನೇ ಸಲ ಮುಳುಗುತ್ತದೆ. ಅದೇ ಚಿತ್ರದ ಕೆಳಗೆ ಹುನ್ನೂರಿನ ಹೆಸರು, ತೆಗೆದ ತಾರೀಖು, ಅಂದಿನ ನೀರಿನ ಮಟ್ಟ, ಗುಡಿ ನೀರಿನಲ್ಲಿರಲು ಕಾರಣ ಇಷ್ಟು ಬರೆದರೆ ಖಾಲಿ ಚಿತ್ರವೂ ಮಾತಾಡುತ್ತದೆ. ಜನ ಎಲ್ಲಿ ಹೋದರು ಎಂದು ನೋಡಿದವರು ಕೇಳುತ್ತಾರೆ. ಕೇಳಬೇಕು.

ಹುಕ್ಕೇರಿಗೆ ಹೋಗುವ ರಸ್ತೆಯಲ್ಲಿ ಊರಿಗಿಂತ ಮೊದಲು ಗುಮ್ಮಟ ಕಾಣುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿ ಈ ಊರು ದೊಡ್ಡ ಸರದಾರರ ಠಾಣೆಯಾಗಿತ್ತು. ಹದಿನಾರನೇ ಶತಮಾನದ ಆ ಕಾಲದ ಗೋರಿಕಟ್ಟಡಗಳು ಇಂದಿಗೂ ಊರಿನ ಗುರುತು. ನೀರಿನ ಕಾರಂಜಿಗಳಿಗೂ ಊರು ಹೆಸರಾಗಿದೆ. ಭೂಮಿಯೊಳಗಿನಿಂದ ನೀರು ಹರಿಸಿ ತರುವ ವಿದ್ಯೆಯನ್ನು ಆದಿಲ್‌ಶಾಹಿಗಳು ವಿಜಯಪುರದಲ್ಲಿ ಎಷ್ಟು ಬೆಳೆಸಿದ್ದರು ಎಂಬುದು ಅಲ್ಲಿನ ಸುರಂಗ ಬಾವಡಿ ನೋಡಿದವರಿಗೆ ಗೊತ್ತು. ಗೋಲಗುಮ್ಮಟ ಮುಗಿದದ್ದು 1656ರ ಸುಮಾರಿಗೆ. ಅದಕ್ಕಿಂತ ಹಿಂದಿನ ತಲೆಮಾರುಗಳ ಕೈ ಹುಕ್ಕೇರಿಯಲ್ಲಿ ಕಾಣುತ್ತದೆ. ಚೌಕ ತಳ, ದಪ್ಪ ಗೋಡೆ, ಗೋಡೆಯಲ್ಲಿ ಕಮಾನು, ಮೇಲೆ ಗುಮ್ಮಟ. ಚೌಕದ ಮೇಲೆ ದುಂಡನ್ನು ಕೂರಿಸುವುದು ಸುಲಭದ ಮಾತಲ್ಲ. ಮೂಲೆಗಳಲ್ಲಿ ಕಮಾನು ತಿರುವಿ ಚೌಕವನ್ನು ಎಂಟು ಮೂಲೆ ಮಾಡಿ, ಆಮೇಲೆ ದುಂಡಿಗೆ ತರುವ ಆ ಲೆಕ್ಕವನ್ನು ಒಳಗೆ ನಿಂತು ತಲೆಯೆತ್ತಿ ನೋಡಬೇಕು. ಕ್ಯಾಮೆರಾವನ್ನು ನೆಲದ ನಟ್ಟನಡುವೆ ಮುಖ ಮೇಲಾಗಿಸಿ ಇಟ್ಟರೆ ಕಟ್ಟಿದವರ ಗಣಿತ ಒಂದೇ ಚಿತ್ರದಲ್ಲಿ ಬರುತ್ತದೆ.

ಹೊರಗಿನ ಚಿತ್ರಕ್ಕೆ ಸಂಜೆಯ ಹೊಂಬೆಳಕು ಕಾಯೋಣ ಎಂದುಕೊಂಡು ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಅಂಗಡಿಯ ಅಜ್ಜ ನನ್ನ ಕ್ಯಾಮೆರಾವನ್ನು ಒಂದಷ್ಟು ಹೊತ್ತು ನೋಡಿದರು.

“ಗುಮ್ಮಟದ್ದು ತಗೀತೀರೇನ್ರಿ?”

“ಹೌದ್ರಿ ಅಜ್ಜಾರ. ಹೊತ್ತು ಇಳಿಯೂತನ ಕೂತೇನಿ.”

“ಹೊತ್ತು ಇಳಿಯೂದು ಬ್ಯಾಡ್ರಿ. ಸಾಲಿ ಬಿಡೂ ಹೊತ್ತಿಗೆ ತಗೀರಿ. ಹುಡುಗೂರು ಆ ಹಾದಿಲೇನ ಓಡಿ ಬರ್ತಾವು. ಅವಾಗ ನೋಡಾಕ ಭಾಳ ಚಲೋ ಇರತೈತಿ.”

ಬೆಳಕಿನ ಲೆಕ್ಕ ಪುಸ್ತಕದಲ್ಲಿ ಸಿಗುತ್ತದೆ. ಊರಿನ ಹೊತ್ತಿನ ಲೆಕ್ಕ ಅಲ್ಲೇ ಬಾಳಿದವರಿಗೆ ಮಾತ್ರ ಗೊತ್ತು. ಶಾಲೆ ಬಿಟ್ಟಿತು. ಚೀಲ ಬೆನ್ನಿಗೆ ಹಾಕಿಕೊಂಡ ಮಕ್ಕಳು ಗುಂಪು ಗುಂಪಾಗಿ ಬಂದರು. ಹಿಂದೆ ನಾಲ್ಕು ಶತಮಾನ ದಾಟಿದ ಗುಮ್ಮಟ, ಅಡ್ಡಲಾಗಿ ಕರೆಂಟಿನ ತಂತಿ, ಮುಂದೆ ಓಡುವ ಮಕ್ಕಳು, ಕೈಗಾಡಿಯ ಮೇಲೆ ಬಾಳೆಹಣ್ಣು. ಸರದಾರನ ಗೋರಿ ಹುಕ್ಕೇರಿಯಲ್ಲಿ ಏನಾಗಿದೆ ಎಂಬುದಕ್ಕೆ ಇದಕ್ಕಿಂತ ನಿಜವಾದ ಚಿತ್ರವಿಲ್ಲ. ಅದು ಊರಿಗೆ ದಿಕ್ಕು ತೋರಿಸುವ ಗುರುತು, ಮಕ್ಕಳ ದಿನದ ದಾರಿ. ತಂತಿಯನ್ನು ಅಳಿಸಲು ನನಗೆ ಮನಸ್ಸಾಗಲಿಲ್ಲ. ಮುಂದೆ ಎಂದೋ ಆ ತಂತಿ ನೆಲದಡಿ ಹೋದಾಗ, ಒಂದು ಕಾಲದಲ್ಲಿ ಹೀಗಿತ್ತು ಎಂದು ಹೇಳಲು ಅದೂ ಬೇಕಾಗುತ್ತದೆ.

ತೆಗೆದ ಚಿತ್ರಗಳನ್ನು ಏನು ಮಾಡಬೇಕು ಎನ್ನುವುದು ತೆಗೆಯುವಷ್ಟೇ ಮುಖ್ಯ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಸಾಮಾನ್ಯವಾಗಿ ತನ್ನ ತಾರೀಖು, ಸ್ಥಳದ ವಿವರವನ್ನು ದಾರಿಯಲ್ಲೇ ಕಳೆದುಕೊಳ್ಳುತ್ತದೆ. ಹೆಸರಿಲ್ಲದ ಗೋಡೆಯ ಚಿತ್ರ ಐವತ್ತು ವರ್ಷದ ಮೇಲೆ ಯಾರ ಕೆಲಸಕ್ಕೂ ಬಾರದು. ಊರು, ಓಣಿ, ತಾಲೂಕು, ಕಟ್ಟಡ, ಯಾವ ದಿಕ್ಕಿನಿಂದ ತೆಗೆದದ್ದು, ಯಾವ ತಾರೀಖು, ಇಷ್ಟನ್ನು ಫೈಲಿನ ಹೆಸರಿನಲ್ಲೇ ಕನ್ನಡದಲ್ಲಿ ಬರೆದಿಡಬೇಕು. ಮನೆಯವರಿಗೆ ಅಚ್ಚು ಹಾಕಿಸಿ ಒಂದು ಪ್ರತಿ ಮುಟ್ಟಿಸಬೇಕು. ಊರಿನ ಗ್ರಂಥಾಲಯಕ್ಕೋ ಶಾಲೆಗೋ ಒಂದು ಕಟ್ಟು ಕೊಡಬೇಕು. ಮನೆಯವರು ಒಪ್ಪಿದ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ನಂಥ ಎಲ್ಲರ ಖಜಾನೆಗೆ ಸೇರಿಸಬಹುದು. ಸ್ಮಾರಕಗಳ ಚಿತ್ರಗಳನ್ನು ಹೀಗೆ ಎಲ್ಲರಿಗೂ ತೆರೆದಿಡುವ ಸ್ಪರ್ಧೆಯೊಂದು 2010ರಲ್ಲಿ ನೆದರ್ಲೆಂಡ್ಸಿನಲ್ಲಿ ಶುರುವಾಗಿ ಎಷ್ಟೋ ದೇಶಗಳಿಗೆ ಹಬ್ಬಿದೆ.

ಗೋಕಾಕ ಜಲಪಾತಕ್ಕೆ ಚಿತ್ರಗಳ ಬರವಿಲ್ಲ, ಗುಮ್ಮಟಕ್ಕೂ ಇಲ್ಲ. ಬರವಿರುವುದು ಅಗಸಿ ಬಾಗಿಲಿಗೆ, ಗೌಡರ ವಾಡೆಗೆ, ಚಾವಡಿಗೆ, ಗರಡಿಮನೆಗೆ, ಮೆಟ್ಟಿಲ ಬಾವಿಗೆ, ಗಿರಣಿಯ ಚಾಳಿಗೆ, ಮಾಳಿಗೆ ಮನೆಗೆ. ಇವುಗಳ ಮುಂದೆ ಯಾವ ಇಲಾಖೆಯ ನೀಲಿ ಫಲಕವೂ ಇಲ್ಲ, ಕೆಡವುವಾಗ ಯಾರೂ ಕೇಳುವುದಿಲ್ಲ. ಒಳ್ಳೆಯ ಕ್ಯಾಮೆರಾ ಇರುವ ಫೋನು ಈಗ ಮೂಡಲಗಿಯ ಪ್ರತಿ ಕಾಲೇಜು ಹುಡುಗನ ಕಿಸೆಯಲ್ಲಿದೆ. ಬಿಗ್ಸ್ ಎತ್ತಿನ ಗಾಡಿಯ ದಾರಿಯಲ್ಲಿ ಹೊತ್ತು ತಂದ ಸರಂಜಾಮಿಗೆ ಹಿಡಿಯಲಾಗದೆ ಹೋದ ಜನರನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುತ್ತದೆ. ಒಬ್ಬೊಬ್ಬರು ಒಂದೊಂದು ಓಣಿ ಹಂಚಿಕೊಂಡು, ಮನೆಯವರನ್ನು ಕೇಳಿ, ಅವರನ್ನೂ ಸೇರಿಸಿ ಆ ಮನೆಗಳನ್ನು ದಾಖಲಿಸಲಿ. 2019ರಂಥ ಇನ್ನೊಂದು ಆಗಸ್ಟ್ ಬರುವ ಮೊದಲೇ ಈ ಕೆಲಸ ಮುಗಿಯಬೇಕು.